ಡಮ್ಮಿ ಇಳಿದ ಮೇಲೆ, ಮೊದಲ ಎಲೆಗೆ ಮುಂಚೆ: ಬ್ರಿಡ್ಜ್ ಕಲಿಯೋರಿಗೆ ಆಟದ ಪ್ಲಾನ್ ಹೇಗೆ ಹೇಳಿಕೊಡೋದು?

ಕಕ್ಕಡಮಳೆ (ನಾಪೋಕ್ಲು)
ಮಳೆ ಹಿಡಿದು ತೋಟದ ಕೆಲಸ ನಿಂತಿರೋ ಈ ದಿನಗಳಲ್ಲಿ ಇಲ್ಲಿ ನಾಲ್ಕೈದು ಜನ ಹೊಸಬರು ಬ್ರಿಡ್ಜ್ ಕಲೀತಿದ್ದಾರೆ. ಪಾಯಿಂಟ್ ಎಣಿಸೋದು (ಎಕ್ಕ 4, ರಾಜ 3, ರಾಣಿ 2, ಗುಲಾಮ 1), ಬಿಡ್ ಮಾಡೋದು, ಇಷ್ಟು ಬಂದಿದೆ. ಎಡವೋದು ಆಟದಲ್ಲಿ. ಡಮ್ಮಿ (ಆಡೋನ ಪಾರ್ಟ್ನರ್ ಬಿಚ್ಚಿಡೋ ಎಲೆಗಳು) ಮೇಜಿನ ಮೇಲೆ ಇಳಿದ ತಕ್ಷಣ "ಚಿಕ್ಕದು ಹಾಕಿ" ಅಂತಾರೆ. ಯೋಚನೆ ಶುರುವಾಗೋದು ನಾಲ್ಕನೇ ಟ್ರಿಕ್‌ನಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕೋ ಸುತ್ತೇ ಟ್ರಿಕ್), ಅಷ್ಟು ಹೊತ್ತಿಗೆ ಆಟ ಕೈಬಿಟ್ಟಿರುತ್ತೆ.

ಒಂದು ಹಂಚಿಕೆ ಕೊಡ್ತೀನಿ. ದಕ್ಷಿಣ 1 ನೋಟ್ರಂಪ್ (ಹೊಡೆಯೋ ಸೂಟ್, ಅಂದ್ರೆ ತುರುಫು, ಇಲ್ಲದ ಆಟ; 15ರಿಂದ 17 ಪಾಯಿಂಟ್) ಅಂದ, ಉತ್ತರ ನೇರ 3 ನೋಟ್ರಂಪ್‌ಗೆ ಹೋದ. ಪಶ್ಚಿಮದಿಂದ ಸ್ಪೇಡ್ 5 ಲೀಡ್ (ಸುತ್ತಿನ ಮೊದಲ ಎಲೆ).

ಡಮ್ಮಿ (ಉತ್ತರ)
ಸ್ಪೇಡ್: 7 4
ಹಾರ್ಟ್: ರಾಜ 8 5
ಡೈಮಂಡ್: ಎಕ್ಕ ಗುಲಾಮ 10 9 4
ಕ್ಲಬ್: ರಾಜ 6 3

ಕೈ (ದಕ್ಷಿಣ)
ಸ್ಪೇಡ್: ಎಕ್ಕ 8 3
ಹಾರ್ಟ್: ಎಕ್ಕ ರಾಣಿ 4
ಡೈಮಂಡ್: ರಾಣಿ 8 2
ಕ್ಲಬ್: ಎಕ್ಕ 7 5 4

ಪೂರ್ವದಿಂದ ಸ್ಪೇಡ್ ರಾಣಿ ಬಿತ್ತು. ಹೊಸಬರೆಲ್ಲ ಎಕ್ಕ ಹಾಕಿ ಹಿಡೀತಾರೆ, ಡೈಮಂಡ್ ರಾಣಿ ಓಡಿಸ್ತಾರೆ, ಪೂರ್ವದ ರಾಜ ಹಿಡಿಯುತ್ತೆ, ಸ್ಪೇಡ್ ವಾಪಸ್ ಬರುತ್ತೆ, ಒಂದು ಟ್ರಿಕ್ ಕಮ್ಮಿ. ಇವರಿಗೆ ಯೋಚನೆಯ ಕ್ರಮ ಹೇಗೆ ಕಲಿಸೋದು?

ಎಕ್ಕರಾಜ (ಮಡಿಕೇರಿ)
ಮೊದಲ ಕೆಲಸ ಎಣಿಕೆ. ನೋಟ್ರಂಪ್‌ನಲ್ಲಿ ಗೆಲ್ಲೋ ಎಲೆ ಎಣಿಸಿ, ಅದೂ ಎದುರಾಳಿಗೆ ಒಮ್ಮೆಯೂ ಕೈ ಕೊಡದೆ ಈಗಲೇ ಎಳೆಯಬಹುದಾದದ್ದು ಮಾತ್ರ. ಸ್ಪೇಡ್ 1, ಹಾರ್ಟ್ 3, ಡೈಮಂಡ್ 1, ಕ್ಲಬ್ 2. ಒಟ್ಟು ಏಳು. ಬೇಕಾಗಿರೋದು ಒಂಬತ್ತು.

ಉಳಿದ ಎರಡು ಎಲ್ಲಿಂದ ಬರುತ್ತೆ ಅನ್ನೋದು ಎರಡನೇ ಪ್ರಶ್ನೆ. ಹಾರ್ಟ್‌ನಲ್ಲಿ ಇನ್ನೇನೂ ಇಲ್ಲ. ಕ್ಲಬ್‌ನಲ್ಲಿ ಏಳೆಲೆ ನಮ್ಮದು, ಎದುರಾಳಿಗಳ ಹತ್ತಿರ ಆರು. ಅದು 3-3 ಒಡೆದರೆ ಒಂದೇ ಒಂದು ಸಿಗುತ್ತೆ. ಡೈಮಂಡ್ ನೋಡಿ: ಎಕ್ಕ, ರಾಣಿ, ಗುಲಾಮ, 10, 9 ಎಲ್ಲ ನಮ್ಮದೇ. ರಾಜನಿಗೆ ಒಂದು ಕೊಟ್ಟರೂ ನಾಲ್ಕು ಬರುತ್ತೆ. ಅಂದರೆ ಫಿನೆಸ್ (ಕಾಣದ ದೊಡ್ಡೆಲೆ ನಮಗೆ ಅನುಕೂಲದ ಕೈಯಲ್ಲಿದೆ ಅಂತ ನಂಬಿ ಆಡೋದು) ಸೋತರೂ ಹತ್ತು ಟ್ರಿಕ್! ಇಷ್ಟು ಕಂಡ ಮೇಲೆ ಪ್ರಶ್ನೆ ಬದಲಾಗುತ್ತೆ. "ಡೈಮಂಡ್ ರಾಜ ಎಲ್ಲಿದೆ" ಅಂತ ತಲೆ ಕೆಡಿಸಿಕೊಳ್ಳೋ ಅಗತ್ಯವೇ ಇಲ್ಲ. "ರಾಜನಿಗೆ ಕೈ ಕೊಟ್ಟಾಗ ಅವರು ನಾಲ್ಕು ಸ್ಪೇಡ್ ಎಳೆಯದ ಹಾಗೆ ಏನು ಮಾಡಬೇಕು" ಅನ್ನೋದೊಂದೇ ಪ್ರಶ್ನೆ.

ಗುಲಾಮ ಗೋಣಿಕೊಪ್ಪ
ಏಳು ಇದೆ, ಒಂಬತ್ತು ಬೇಕು. ಇದನ್ನ ಬಾಯಿಬಿಟ್ಟು ಹೇಳೋವರೆಗೂ ಡಮ್ಮಿಯ ಒಂದೆಲೆ ಮುಟ್ಟಬಾರದು ಅಂತ ಕಲಿಯೋ ಮೇಜಿನಲ್ಲಿ ನಿಯಮ ಮಾಡಿ.

ಕಾಲುಸಂಕ
ಉತ್ತರ: ಎಕ್ಕ ಎರಡು ಸಲ ಬಿಟ್ಟು ಮೂರನೇ ಸಲ ಹಿಡೀಬೇಕು.

ಲೆಕ್ಕ ಇಲ್ಲಿದೆ. ಪಶ್ಚಿಮದ 5 ಅವನ ಸ್ಪೇಡ್‌ಗಳಲ್ಲಿ ನಾಲ್ಕನೇ ದೊಡ್ಡೆಲೆ ಅಂತ ಇಟ್ಟುಕೊಳ್ಳಿ. 5ಕ್ಕಿಂತ ಚಿಕ್ಕದು 4, 3, 2. ಅದರಲ್ಲಿ 4 ಡಮ್ಮಿಯಲ್ಲಿ ಕಾಣ್ತಿದೆ, 3 ನಮ್ಮ ಕೈಯಲ್ಲಿದೆ. ಕಾಣದಿರೋದು 2 ಒಂದೇ. ಹಾಗಾದ್ರೆ ಪಶ್ಚಿಮದ ಹತ್ತಿರ ಸ್ಪೇಡ್ ನಾಲ್ಕಿರಬೇಕು ಇಲ್ಲ ಐದಿರಬೇಕು, ಆರು ಇರೋಕೆ ಸಾಧ್ಯವೇ ಇಲ್ಲ. ಎದುರಾಳಿಗಳಿಬ್ಬರದ್ದೂ ಸೇರಿ ಎಂಟು ಸ್ಪೇಡ್. 4-4 ಆದ್ರೆ ಅವರಿಗೆ ಮೂರು ಸ್ಪೇಡ್, ಒಂದು ಡೈಮಂಡ್, ಅಷ್ಟೇ. ನಮಗೆ ಭಯ ಇಲ್ಲ. 5-3 ಆದ್ರೆ ಪೂರ್ವದ ಹತ್ತಿರ ಮೂರು. ರಾಣಿಗೆ 3 ಹಾಕಿ, ಮುಂದಿನದಕ್ಕೆ 8 ಹಾಕಿ, ಮೂರನೇದಕ್ಕೆ ಎಕ್ಕ. ಈಗ ಪೂರ್ವದಲ್ಲಿ ಸ್ಪೇಡ್ ಖಾಲಿ. ಡೈಮಂಡ್ ರಾಣಿ ಓಡಿಸಿ, ಪೂರ್ವದ ರಾಜ ಹಿಡಿದ್ರೂ ಪಶ್ಚಿಮಕ್ಕೆ ಕೊಡೋಕೆ ಸ್ಪೇಡ್ ಇಲ್ಲ. ಸೋತದ್ದು ಎರಡು ಸ್ಪೇಡ್, ಒಂದು ಡೈಮಂಡ್. ಹತ್ತು ಟ್ರಿಕ್ ನಮ್ಮದು.

ಎಕ್ಕ ಬಿಡೋ ಉದ್ದೇಶ ಅವರಿಬ್ಬರ ನಡುವಿನ ಸಂಕ (ಕಾಲುಸೇತುವೆ) ಮುರಿಯೋದು. ಮಳೆಯಲ್ಲಿ ತೋಡಿನ ಸಂಕ ಹೋದ್ರೆ ಆಚೆ ದಡದ ತೋಟದಲ್ಲಿ ಎಷ್ಟು ಕಾಫಿ ಇದ್ದರೇನು, ಈಚೆಗೆ ಬರಲ್ಲ. ಪಶ್ಚಿಮದ ಕೈಯಲ್ಲಿ ಉಳಿದ ರಾಜ ಗುಲಾಮದ ಗತಿ ಅದೇ.

ಸೂಟ್‌ಕೇಸ್ (ಕುಶಾಲನಗರ)
ಇದಕ್ಕೆ ಸುಲಭ ಸೂತ್ರ ಇದೆಯಲ್ಲ, ಏಳರ ನಿಯಮ. ಆ ಸೂಟ್‌ನಲ್ಲಿ ಕೈ, ಡಮ್ಮಿ ಎರಡೂ ಸೇರಿ ಇರೋ ಎಲೆಯನ್ನ 7ರಿಂದ ಕಳೆಯಿರಿ. ಇಲ್ಲಿ 3 ಮತ್ತು 2, ಐದು. 7ರಲ್ಲಿ 5 ಹೋದ್ರೆ 2. ಎರಡು ಸಲ ಬಿಡಿ. ಹೊಸಬರಿಗೆ ಇಷ್ಟು ಸಾಕು, ಇಷ್ಟುದ್ದ ಲೆಕ್ಕ ಬೇಡ.

ಕಾಲುಸಂಕ
@ಸೂಟ್‌ಕೇಸ್ ಸರ್, ಸೂತ್ರ ಸರಿ, ಆದ್ರೆ ಅದೊಂದನ್ನೇ ಕೊಟ್ರೆ ಅಪಾಯ. ಸೂತ್ರ ಕಲಿತವರು ಎಲ್ಲ ಕೈಯಲ್ಲೂ ಎಕ್ಕ ಬಿಡ್ತಾರೆ. ಇದೇ ಹಂಚಿಕೆಯಲ್ಲಿ ಹಾರ್ಟ್ ಬರೀ 8 5 ಎದುರಿಗೆ ರಾಣಿ 4 ಆಗಿದ್ದಿದ್ರೆ? ಒಂದು ಸ್ಪೇಡ್ ಬಿಟ್ಟ ಕೂಡಲೇ ಪೂರ್ವ ಹಾರ್ಟ್‌ಗೆ ತಿರುಗಿಸ್ತಾನೆ, ಅಲ್ಲೇ ಐದು ಟ್ರಿಕ್ ಹೋಗಬಹುದು. ಸ್ಪೇಡ್‌ಗಿಂತ ಹೆಚ್ಚು ಅಪಾಯದ ಸೂಟ್ ಇನ್ನೊಂದಿದ್ರೆ ಬಿಡಬಾರದು, ಸಿಕ್ಕಾಗಲೇ ಹಿಡೀಬೇಕು. ಇಲ್ಲಿ ಹಾರ್ಟ್, ಕ್ಲಬ್ ಎರಡರಲ್ಲೂ ಎಕ್ಕ ರಾಜ ನಮ್ಮದೇ. ಹಾಗಾಗಿ ಬಿಡೋ ಧೈರ್ಯ.

ಸೂಟ್‌ಕೇಸ್ (ಕುಶಾಲನಗರ)
ಒಪ್ಪಿದೆ. ಸೂತ್ರ ಹೇಳುವಾಗ ಈ ಷರತ್ತನ್ನೂ ಜೊತೆಗೆ ಹೇಳಬೇಕು.

ಇಪ್ಪತ್ತೆಂಟು
28 (ಇನ್ನೊಂದು ಇಸ್ಪೀಟ್ ಆಟ) ಆಡಿ ಬಂದವರಿಗೆ ಇದು ಯಾಕೆ ಕಷ್ಟ ಅಂದ್ರೆ, ಅಲ್ಲಿ ಪ್ರತಿ ಟ್ರಿಕ್‌ನಲ್ಲಿ ಪಾಯಿಂಟ್ ಇರುತ್ತೆ. ಗುಲಾಮಕ್ಕೆ 3, 9ಕ್ಕೆ 2, ಎಕ್ಕ ಮತ್ತು 10ಕ್ಕೆ ಒಂದೊಂದು. ದೊಡ್ಡ ಎಲೆ ಬಿದ್ದ ಟ್ರಿಕ್ ಬಿಡೋಕೆ ಕೈ ಬರಲ್ಲ. ಬ್ರಿಡ್ಜ್‌ನಲ್ಲಿ ಎಲ್ಲ ಟ್ರಿಕ್‌ಗೂ ಒಂದೇ ಬೆಲೆ, ರಾಣಿ ಬಿದ್ದದ್ದಕ್ಕೂ 2 ಬಿದ್ದದ್ದಕ್ಕೂ. ಸೋಲಲೇಬೇಕಾದ ಟ್ರಿಕ್ಕನ್ನ ನಮಗೆ ಅನುಕೂಲವಾದ ಹೊತ್ತಲ್ಲಿ ಸೋಲೋದೇ ಇಲ್ಲಿಯ ಜಾಣತನ. ಇದನ್ನ ಮೊದಲ ದಿನವೇ ಹೇಳಿಬಿಡಿ.

ಎಕ್ಕರಾಜ (ಮಡಿಕೇರಿ)
ಒಳ್ಳೇ ಮಾತು. 28ರಲ್ಲಿ ಎಲೆಯ ಹಿರಿತನವೂ ಬೇರೆ, ಗುಲಾಮ ಎಲ್ಲಕ್ಕಿಂತ ಮೇಲೆ. ಬ್ರಿಡ್ಜ್‌ಗೆ ಬಂದ ಹೊಸದರಲ್ಲಿ 9ಕ್ಕೆ ರಾಜ ಹಾಕೋಕೆ ಹಿಂಜರಿಯೋದು ಇದೇ ಅಭ್ಯಾಸದಿಂದ.

ತೋಡುಬದಿ (ಸಿದ್ದಾಪುರ)
ಒಂದು ಸಂದೇಹ. ಡೈಮಂಡ್ ಅದಲು ಬದಲಾದ್ರೆ? ಅಂದ್ರೆ ಡಮ್ಮಿಯಲ್ಲಿ ರಾಣಿ 8 2, ಕೈಯಲ್ಲಿ ಎಕ್ಕ ಗುಲಾಮ 10 9 4. ಆಗಲೂ ಎರಡು ಸಲ ಬಿಟ್ರೆ ಆಗುತ್ತಾ?

ಕಾಲುಸಂಕ
ಸರಿಯಾದ ಪ್ರಶ್ನೆ. ಆಗ ಫಿನೆಸ್ ಡಮ್ಮಿಯಿಂದ ಶುರುವಾಗುತ್ತೆ, ಸೋತರೆ ರಾಜ ಇರೋದು ಪಶ್ಚಿಮದ ಕೈಯಲ್ಲಿ. ಐದು ಸ್ಪೇಡ್ ಇರೋದೂ ಅವನ ಹತ್ತಿರವೇ. ಅವನಿಗೆ ಸಂಕ ಬೇಕಿಲ್ಲ, ಉಳಿದ ಎರಡು ಸ್ಪೇಡ್ ತಾನೇ ಎಳೀತಾನೆ. 5-3 ಇದ್ದು ರಾಜ ಪಶ್ಚಿಮದಲ್ಲಿದ್ದರೆ ಆ ಆಟ ಉಳಿಯಲ್ಲ. ಬಿಡೋದರಿಂದ ನಷ್ಟವಿಲ್ಲ, ಆದ್ರೆ ಕಾಪಾಡೋದು ಎಕ್ಕ ಬಿಟ್ಟದ್ದಲ್ಲ, ರಾಜ ಪೂರ್ವದಲ್ಲಿರೋದು ಅಥವಾ ಸ್ಪೇಡ್ 4-4 ಇರೋದು.

ಮೂರನೇ ಪ್ರಶ್ನೆ ಹುಟ್ಟೋದು ಇಲ್ಲೇ: ಕೈ ತಪ್ಪಿದ್ರೆ ಅದು ಯಾರ ಕೈಗೆ ಹೋಗುತ್ತೆ? ಇಬ್ಬರು ಎದುರಾಳಿಗಳಲ್ಲಿ ಒಬ್ಬ ಅಪಾಯದವನು, ಒಬ್ಬ ನಿರಪಾಯದವನು. ಫಿನೆಸ್ ಎರಡು ಕಡೆಗೂ ಆಡೋ ಹಾಗಿದ್ರೆ ನಿರಪಾಯದವನ ಕಡೆಗೆ ಸೋಲೋ ಹಾಗೆ ಆಡಿ.

ರಾಣಿಜೇನು (ವಿರಾಜಪೇಟೆ)
ಕಾಲುಸಂಕ ಸರ್ ಹೇಳಿದ್ದನ್ನ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ತೀನಿ, ಕಲಿಸುವಾಗ ಇದು ಚೆನ್ನಾಗಿ ಕಣ್ಣಿಗೆ ಕಟ್ಟುತ್ತೆ. ಸ್ಪೇಡ್ ಎಕ್ಕ 8 3 ಬದಲು ಎಕ್ಕ ಗುಲಾಮ 3 ಇದೆ ಅನ್ಕೊಳ್ಳಿ, ಡಮ್ಮಿಯಲ್ಲಿ ಅದೇ 7 4. ಪಶ್ಚಿಮ ಚಿಕ್ಕದು ಲೀಡ್ ಮಾಡಿದ, ಪೂರ್ವ ರಾಜ ಹಾಕಿದ. ಹಿಡೀಬೇಕಾ, ಬಿಡಬೇಕಾ?

ಸ್ಪೇಡ್ ಮಾತ್ರ ನೋಡಿದ್ರೆ ಉತ್ತರ ಸಿಗಲ್ಲ. ಎಕ್ಕ ಹಿಡಿದ್ರೆ ಕೈಯಲ್ಲಿ ಗುಲಾಮ 3 ಉಳಿಯುತ್ತೆ. ಮುಂದೆ ಕೈ ತಪ್ಪೋದು ಪಶ್ಚಿಮಕ್ಕಾದ್ರೆ ಅವನು ಸ್ಪೇಡ್ ಎಳೆದ್ರೆ ನಮ್ಮ ಗುಲಾಮಕ್ಕೆ ಟ್ರಿಕ್ ಬರುತ್ತೆ, ಹಾಗಾಗಿ ಅವನು ಮುಟ್ಟೋ ಹಾಗಿಲ್ಲ. ಆಗ ಮೊದಲ ಸಲವೇ ಹಿಡೀರಿ. ಕೈ ತಪ್ಪೋದು ಪೂರ್ವಕ್ಕಾದ್ರೆ ಅವನು ನಮ್ಮ ಗುಲಾಮದ ಮೇಲಿಂದ ಸ್ಪೇಡ್ ಆಡ್ತಾನೆ, ರಾಣಿ ಹಿಂದೆ ಕೂತಿರುತ್ತೆ, ಗುಲಾಮ ಸಿಕ್ಕಿಬೀಳುತ್ತೆ. ಆಗ ರಾಜನನ್ನ ಬಿಡಿ.

ಮೊದಲ ಟ್ರಿಕ್‌ನ ತೀರ್ಮಾನ ಬೇರೆ ಸೂಟ್‌ನಲ್ಲಿ ಕೂತಿರುತ್ತೆ. ಅದಕ್ಕೇ ಎಲೆ ಹಾಕೋ ಮೊದಲು ಪೂರ್ತಿ 26 ಎಲೆ ನೋಡಬೇಕು.

ಗುಲಾಮ ಗೋಣಿಕೊಪ್ಪ
ಇದನ್ನ ಎತ್ತಿಟ್ಟುಕೊಂಡೆ. ಎಕ್ಕ ಗುಲಾಮ 3 ಉದಾಹರಣೆಗೆ ಥ್ಯಾಂಕ್ಸ್ ಅಕ್ಕ.

ಎಸ್ಟೇಟ್ ಬಂಗ್ಲೆ
"ಚಿಕ್ಕದು ಹಾಕಿ" ಅನ್ನೋ ಚಟಕ್ಕೆ ಒಂದು ಸಣ್ಣ ಉದಾಹರಣೆ. ನೋಟ್ರಂಪ್ ಆಟ, ಲೀಡ್ ಆದ ಸೂಟ್‌ನಲ್ಲಿ ಡಮ್ಮಿಯಲ್ಲಿ ರಾಣಿ 4, ಕೈಯಲ್ಲಿ ಎಕ್ಕ 7 3. ರಾಣಿಯನ್ನ ಈಗಲೇ ಹಾಕಬೇಕು. ರಾಜ ಪಶ್ಚಿಮದಲ್ಲಿದ್ರೆ ರಾಣಿ ಗೆಲ್ಲುತ್ತೆ. 4 ಹಾಕಿದ್ರೆ ರಾಣಿ ಒಂಟಿ, ಮುಂದಿನ ಸುತ್ತಿನಲ್ಲಿ ರಾಜನ ಬಾಯಿಗೆ. ಡಮ್ಮಿಯಲ್ಲಿ ರಾಣಿ 6 4 ಅಂತ ಮೂರೆಲೆ ಇದ್ರೆ ಈ ಆತುರ ಇಲ್ಲ.

ಸಂಪಾಜೆ ಘಾಟ್
ಇಷ್ಟೊತ್ತು ಬರೀ ನೋಟ್ರಂಪ್ ಆಯ್ತು. ತುರುಫು ಇರೋ ಆಟದಲ್ಲಿ "ಮೊದಲು ತುರುಫು ಎಳೀರಿ" ಅಂತ ಹೇಳಿದ್ರೆ ಸಾಕಲ್ವಾ? ಎದುರಾಳಿಯ ತುರುಫು ಮುಗಿಸಿದ್ರೆ ನಮ್ಮ ಎಕ್ಕ ರಾಜಕ್ಕೆ ಯಾರೂ ಹೊಡೆಯಲ್ಲ.

ಎಕ್ಕರಾಜ (ಮಡಿಕೇರಿ)
ಸಾಕಾಗಲ್ಲ ಸರ್. ಈ ಒಂದು ಮಾತಿನಿಂದಲೇ ಹೊಸಬರ 4 ಸ್ಪೇಡ್‌ಗಳು ಕೆಡೋದು. ನೋಡಿ:

ಡಮ್ಮಿ
ಸ್ಪೇಡ್: ರಾಜ 9 5
ಹಾರ್ಟ್: 8 3
ಡೈಮಂಡ್: ಎಕ್ಕ 7 6 4
ಕ್ಲಬ್: 9 8 5 3

ಕೈ
ಸ್ಪೇಡ್: ಎಕ್ಕ ರಾಣಿ ಗುಲಾಮ 10 6
ಹಾರ್ಟ್: ಎಕ್ಕ 7 4
ಡೈಮಂಡ್: ರಾಜ 8 3
ಕ್ಲಬ್: ಎಕ್ಕ 2

ಕಾಂಟ್ರಾಕ್ಟ್ 4 ಸ್ಪೇಡ್, ಹತ್ತು ಟ್ರಿಕ್ ಬೇಕು. ಪಶ್ಚಿಮದಿಂದ ಹಾರ್ಟ್ ರಾಜ. ತುರುಫಿನ ಆಟದಲ್ಲಿ ಸೋಲೋ ಎಲೆ ಎಣಿಸೋದು ಸುಲಭ, ತುರುಫು ಉದ್ದ ಇರೋ ಕೈ ಕಡೆಯಿಂದ. ಸ್ಪೇಡ್ 0, ಹಾರ್ಟ್ 2, ಡೈಮಂಡ್ 1, ಕ್ಲಬ್ 1. ನಾಲ್ಕು. ಮೂರಕ್ಕೆ ಮಾತ್ರ ಅವಕಾಶ. ಒಂದನ್ನ ಕಳೀಬೇಕು.

ಕೈಯಲ್ಲಿ ಹಾರ್ಟ್ ಮೂರು, ಡಮ್ಮಿಯಲ್ಲಿ ಎರಡು. ಮೂರನೇ ಹಾರ್ಟ್‌ಗೆ ಡಮ್ಮಿಯಿಂದ ತುರುಫು ಹೊಡೀಬಹುದು. ಎಕ್ಕ ಹಿಡೀರಿ, ಎರಡನೇ ಟ್ರಿಕ್‌ನಲ್ಲೇ ಹಾರ್ಟ್ 4 ಆಡಿ ಕೈ ಕೊಟ್ಟುಬಿಡಿ. ಅವರು ಜಾಣರಾದ್ರೆ ತುರುಫು ವಾಪಸ್ ಆಡ್ತಾರೆ. ಅದನ್ನ ಕೈಯಲ್ಲಿ 10ರಿಂದ ಹಿಡೀರಿ, ಡಮ್ಮಿಯಲ್ಲಿ ಇನ್ನೂ ಎರಡು ತುರುಫು ಇದೆ. ಹಾರ್ಟ್ 7 ಆಡಿ 9ರಿಂದ ಹೊಡೀರಿ. ಎದುರಾಳಿಗಳ ಅತಿ ದೊಡ್ಡ ತುರುಫು 8, ಮೇಲೆ ಹೊಡೆಯೋಕೆ ಯಾರಿಗೂ ಆಗಲ್ಲ. ಆಮೇಲೆ ಸ್ಪೇಡ್ ರಾಜ, ಕ್ಲಬ್ ಎಕ್ಕದಿಂದ ಕೈಗೆ ಬಂದು ಉಳಿದ ತುರುಫು ಎಳೀರಿ. ಸ್ಪೇಡ್ 5, ಹೊಡೆದದ್ದು 1, ಹಾರ್ಟ್ 1, ಡೈಮಂಡ್ 2, ಕ್ಲಬ್ 1. ಹತ್ತು.

ಮೊದಲೇ ಮೂರು ಸುತ್ತು ತುರುಫು ಎಳೆದಿದ್ರೆ? ಡಮ್ಮಿ ಖಾಲಿ, ಹಾರ್ಟ್ ಎರಡೂ ಸೋಲು. ಎರಡೇ ಸುತ್ತು ಎಳೆದು ಆಮೇಲೆ ಹಾರ್ಟ್ ಕೊಟ್ರೂ ಅಷ್ಟೇ. ಅವರ ಹತ್ತಿರ ಇನ್ನೊಂದು ತುರುಫು ಉಳಿದಿದ್ರೆ ಅದನ್ನ ಆಡಿ ಡಮ್ಮಿಯ ಕೊನೇ ತುರುಫನ್ನೂ ಕಿತ್ತುಕೊಳ್ತಾರೆ.

ಸಂಪಾಜೆ ಘಾಟ್
ಸರಿ. ಆದ್ರೆ ಡಮ್ಮಿಯಲ್ಲೇ ಯಾಕೆ ಹೊಡೀಬೇಕು? ಡಮ್ಮಿಯ ಕ್ಲಬ್‌ಗಳನ್ನ ಕೈಯಲ್ಲಿ ಹೊಡೆದ್ರೂ ಟ್ರಿಕ್ಕೇ ತಾನೆ?

ರಾಣಿಜೇನು (ವಿರಾಜಪೇಟೆ)
ಅಲ್ಲಣ್ಣ. ಕೈಯ ಐದು ಸ್ಪೇಡ್ ಹೇಗೂ ಐದು ಟ್ರಿಕ್. ಅದರಲ್ಲಿ ಒಂದರಿಂದ ಕ್ಲಬ್ ಹೊಡೆದ್ರೆ ಅದೇ ಐದರಲ್ಲಿ ಒಂದು ಬೇಗ ಬಂತು, ಹೆಚ್ಚಾಗಲಿಲ್ಲ. ಡಮ್ಮಿಯ 9 ಸುಮ್ಮನೆ ಬಿಟ್ರೆ ಕೈಯ ದೊಡ್ಡ ತುರುಫಿನ ಕೆಳಗೆ ಬಿದ್ದು ಹೋಗ್ತಿತ್ತು, ಅದರಿಂದ ಹೊಡೆದ್ರೆ ಐದು ಆರಾಗುತ್ತೆ. ಚಿಕ್ಕ ತುರುಫಿನ ಕೈಯಲ್ಲಿ ಹೊಡೆದದ್ದೇ ಲಾಭ. ಉದ್ದ ಕೈಯಲ್ಲಿ ಪದೇ ಪದೇ ಹೊಡೀತಾ ಹೋದ್ರೆ ತುರುಫು 4-1 ಇದ್ದಾಗ ಎದುರಾಳಿಗೇ ನಮಗಿಂತ ಹೆಚ್ಚು ಉಳಿದುಬಿಡುತ್ತೆ.

ಸಂಪಾಜೆ ಘಾಟ್
ಈಗ ಹೊಳೀತು.

ಇಪ್ಪತ್ತೆಂಟು
ಹಾಗಂತ "ತುರುಫು ತಡವಾಗಿ ಎಳೀರಿ" ಅಂತಲೂ ಕಲಿಸಬೇಡಿ. ಡಮ್ಮಿಯ ತುರುಫಿಗೆ ಕೆಲಸ ಇದ್ದರೆ ತಡ ಮಾಡಿ, ಇಲ್ಲದಿದ್ರೆ ಕೂಡಲೇ ಎಳೀರಿ. ಎಳೆಯುವಾಗ ಅವರ ಎಲೆ ಎಣಿಸಿ, ನಮ್ಮದಲ್ಲ. ಎಂಟು ನಮ್ಮದಾದ್ರೆ ಐದು ಅವರದ್ದು. ಐದು ಬಿದ್ದ ಮೇಲೆ ನಿಲ್ಲಿಸಿ.

ಮುಂಗಾರು ಮೇಜು
ವಿಷಯ ಸ್ವಲ್ಪ ಬೇರೆ. ಈ ತಿಂಗಳುಗಳಲ್ಲಿ ಕಾಗದದ ಎಲೆ ತೇವ ಹೀರಿ ಉಬ್ಬುತ್ತೆ, ಎರಡೆರಡು ಅಂಟಿಕೊಂಡು ಹಂಚುವಾಗ ಒಬ್ಬರಿಗೆ 14, ಒಬ್ಬರಿಗೆ 12 ಆಗುತ್ತೆ. ಕಲಿಯೋರಿಗೆ ಪೂರ್ತಿ ಪ್ಲಾಸ್ಟಿಕ್ ಎಲೆ ತಗೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದ್ರೆ ಆಯ್ತು. ಅಗಲ 57 ಮಿಲಿಮೀಟರ್‌ನದ್ದು ಕೇಳಿ. ಪೋಕರ್ ಎಲೆ 63 ಇರುತ್ತೆ, 13 ಎಲೆ ಬೀಸಣಿಗೆ ಥರ ಹಿಡಿಯೋಕೆ ಕೈ ಸಾಲಲ್ಲ. ಕರೆಂಟ್ ಹೋದಾಗ ಎಮರ್ಜೆನ್ಸಿ ದೀಪದಲ್ಲಿ ಹಾರ್ಟ್, ಡೈಮಂಡ್ ಒಂದೇ ಥರ ಕಾಣುತ್ತೆ, ಕೈಯಲ್ಲಿ ಕೆಂಪು ಕಪ್ಪು ಒಂದು ಬಿಟ್ಟು ಒಂದು ಜೋಡಿಸಿಕೊಳ್ಳಿ.

ಗುಲಾಮ ಗೋಣಿಕೊಪ್ಪ
ಎಲೆ ಹಂಚಿದ ಮೇಲೆ ನೋಡೋ ಮೊದಲು 13 ಇದೆಯಾ ಅಂತ ಕವುಚಿಟ್ಟೇ ಎಣಿಸೋದನ್ನೂ ಸೇರಿಸಿ.

ತೋಡುಬದಿ (ಸಿದ್ದಾಪುರ)
ಕಲಿಯುವಾಗ ಡಮ್ಮಿಯಲ್ಲಿ ಕೂತ ಪಾರ್ಟ್ನರ್ ಸೂಚನೆ ಕೊಡಬಹುದಾ?

ಎಸ್ಟೇಟ್ ಬಂಗ್ಲೆ
ನಿಯಮದ ಪ್ರಕಾರ ಇಲ್ಲ. ಹೇಳಿದ ಎಲೆ ಇಳಿಸೋದು ಅವರ ಕೆಲಸ. ಡಿಕ್ಲೇರರ್ (ಕೈ, ಡಮ್ಮಿ ಎರಡನ್ನೂ ಆಡೋನು) ಲೀಡ್ ಆದ ಸೂಟ್ ಹಾಕದೆ ಬೇರೆ ಎಲೆ ಎಸೆದಾಗ "ಸ್ಪೇಡ್ ಇಲ್ವಾ?" ಅಂತ ಕೇಳಬಹುದು, ತಪ್ಪು ಕೈಯಿಂದ ಲೀಡ್ ಮಾಡೋಕೆ ಹೋದ್ರೆ ತಡೆಯಬಹುದು. ಕಲಿಯೋ ಮೇಜಿನಲ್ಲಿ ಆಟ ಮುಗಿದ ಮೇಲೆ ನಾಲ್ಕೂ ಕೈ ಬಿಚ್ಚಿಟ್ಟು ಮಾತಾಡಿ. ಅದಕ್ಕೆ ಎಲೆಗಳನ್ನ ಮಧ್ಯಕ್ಕೆ ಎಸೆಯದೆ ಅವರವರ ಮುಂದೆಯೇ ಸಾಲಾಗಿ ಕವುಚಿಡಿಸಿ, ಗೆದ್ದದ್ದು ಉದ್ದಕ್ಕೆ, ಸೋತದ್ದು ಅಡ್ಡಕ್ಕೆ. ಯಾವ ಟ್ರಿಕ್‌ನಲ್ಲಿ ಏನು ಬಿತ್ತು ಅಂತ ಹಿಂದಕ್ಕೆ ಹೋಗಿ ನೋಡಬಹುದು.

ಸೂಟ್‌ಕೇಸ್ (ಕುಶಾಲನಗರ)
ಫಿನೆಸ್ ಬಗ್ಗೆ ಒಂದು ಮಾತು. ರಾಣಿ ಒಂದೇ ಕಾಣೆಯಾಗಿದ್ರೆ, ಎಂಟೆಲೆ ಇದ್ದಾಗ ಫಿನೆಸ್, ಒಂಬತ್ತು ಇದ್ದಾಗ ಎಕ್ಕ ರಾಜ ಎಳೆದು ಬೀಳಿಸೋದು. ಇದನ್ನ ಕಣ್ಣು ಮುಚ್ಚಿ ಪಾಲಿಸಬಹುದು.

ಎಕ್ಕರಾಜ (ಮಡಿಕೇರಿ)
ಎಂಟಕ್ಕೆ ಸರಿ. ಒಂಬತ್ತಕ್ಕೆ ಕಣ್ಣು ಮುಚ್ಚಬೇಡಿ. ನಾಲ್ಕೆಲೆ ಹೊರಗಿದ್ದಾಗ 2-2 ಬರೋದು ಸುಮಾರು 40%, 3-1 ಸುಮಾರು 50%, 4-0 ಸುಮಾರು 10%. ಬೀಳಿಸೋದಕ್ಕೂ ಫಿನೆಸ್‌ಗೂ ಅಂತರ ತೀರಾ ಸಣ್ಣದು. ಒಬ್ಬ ಎದುರಾಳಿ ಬೇರೆ ಸೂಟ್‌ನಲ್ಲಿ ಉದ್ದ ಇದ್ದಾನೆ ಅಂತ ಬಿಡ್‌ನಿಂದಲೇ ಗೊತ್ತಾಗಿದ್ರೆ ಈ ಸೂಟ್‌ನಲ್ಲಿ ಅವನಿಗೆ ಜಾಗ ಕಮ್ಮಿ, ರಾಣಿ ಇನ್ನೊಬ್ಬನ ಹತ್ತಿರ ಇರೋ ಸಾಧ್ಯತೆ ಹೆಚ್ಚು. ಆ ಸುಳಿವೇ ನಿಯಮಕ್ಕಿಂತ ದೊಡ್ಡದು.

ಸೂಟ್‌ಕೇಸ್ (ಕುಶಾಲನಗರ)
ಹೊಸಬರು ಅಷ್ಟೆಲ್ಲ ನೋಡ್ತಾರಾ? ಮೊದಲು ನಿಯಮ ಕಲೀಲಿ, ಸುಳಿವು ಓದೋದು ಆಮೇಲೆ.

ಎಕ್ಕರಾಜ (ಮಡಿಕೇರಿ)
ಬಿಡ್ ಕೇಳಿಸಿಕೊಳ್ಳೋದು ಮೊದಲ ದಿನದಿಂದ ಆಗಲೇಬೇಕು ಸರ್. ಅದನ್ನ ಮುಂದೂಡಿದ್ರೆ ಕೊನೆಗೂ ಬರಲ್ಲ. ಈ ವಿಷಯದಲ್ಲಿ ನಾನು ಒಪ್ಪಲ್ಲ.

ರಾಣಿಜೇನು (ವಿರಾಜಪೇಟೆ)
ಶೇಕಡಾ ಬಂದಿದ್ದರಿಂದ ಉಳಿದದ್ದನ್ನೂ ಹಾಕಿಬಿಡ್ತೀನಿ. ಐದೆಲೆ ಹೊರಗಿದ್ರೆ 3-2 ಸುಮಾರು 68, 4-1 ಸುಮಾರು 28, 5-0 ಸುಮಾರು 4. ಆರಿದ್ರೆ 4-2 ಸುಮಾರು 48, 3-3 ಸುಮಾರು 36. ಬಾಯಿಪಾಠಕ್ಕೆ ಒಂದು ಗುರುತು: ಹೊರಗಿರೋದು ಬೆಸ ಸಂಖ್ಯೆ ಆದ್ರೆ ಸಮವಾಗಿ ಒಡೆಯುತ್ತೆ ಅಂತ ನಂಬಬಹುದು, ಸಮ ಸಂಖ್ಯೆ ಆದ್ರೆ ನಂಬೋಕೆ ಆಗಲ್ಲ. ಎರಡೇ ಎಲೆ ಇದ್ದಾಗ ಮಾತ್ರ 1-1 ಸುಮಾರು 52.

ಎರಡು ಅವಕಾಶ ಇದ್ರೆ ಎರಡನ್ನೂ ಬಳಸಿ, ಆದ್ರೆ ಕ್ರಮ ಮುಖ್ಯ. ಒಂದೇ ಟ್ರಿಕ್ ಬೇಕು. ಒಂದು ಸೂಟ್‌ನಲ್ಲಿ ಎಕ್ಕ ರಾಜ ರಾಣಿ 2 ಎದುರಿಗೆ 7 5 3, ಇನ್ನೊಂದರಲ್ಲಿ ಎಕ್ಕ ರಾಣಿಯ ಫಿನೆಸ್. ಫಿನೆಸ್ ಮೊದಲು ಆಡಿ ಸೋತರೆ, ಅವರಿಗೆ ಕೈ ಸಿಕ್ಕಿತು, ಆಟ ಅಲ್ಲೇ ಮುಗಿಯಬಹುದು. ಎಕ್ಕ ರಾಜ ರಾಣಿ ಮೊದಲು ಎಳೀರಿ, ಕೈ ತಪ್ಪಲ್ಲ. 3-3 ಒಡೆದ್ರೆ 2 ಗೆದ್ದಿತು, ಫಿನೆಸ್ ಬೇಕೇ ಇಲ್ಲ. ಒಡೆಯದಿದ್ರೆ ಆಗ ಫಿನೆಸ್. ಬರೀ ಫಿನೆಸ್ 50, ಎರಡೂ ಸೇರಿ ಸುಮಾರು 68.

ಮುಂಗಾರು ಮೇಜು
ಆದ್ರೆ ಮೂರು ಸುತ್ತು ಎಳೆದ ಮೇಲೆ ನಾಲ್ಕನೇ ಎಲೆ ಅವರ ಹತ್ತಿರ ಗೆಲ್ಲೋ ಎಲೆ ಆಗಿಬಿಡುತ್ತಲ್ಲ? ಫಿನೆಸ್ ಸೋತರೆ ಒಂದು ಹೆಚ್ಚು ಟ್ರಿಕ್ ಕಮ್ಮಿ ಬೀಳುತ್ತೆ.

ರಾಣಿಜೇನು (ವಿರಾಜಪೇಟೆ)
ಹೌದು, ಬೀಳುತ್ತೆ. ವಲ್ನರಬಲ್ (ದಂಡ, ಬೋನಸ್ ಎರಡೂ ಹೆಚ್ಚಿರೋ ಸ್ಥಿತಿ) ಅಲ್ಲದಿದ್ದಾಗ ಒಂದು ಕಮ್ಮಿ ಬಿದ್ರೆ 50, ಎರಡಾದ್ರೆ 100. ಆಡಿ ಗೆದ್ದ 3 ನೋಟ್ರಂಪ್‌ಗೆ 400. ಗೆಲ್ಲೋ ಅವಕಾಶಕ್ಕೆ ಆ ಐವತ್ತು ಕೊಡೋದು ಯಾವಾಗಲೂ ಸರಿ. ಹೆಚ್ಚುವರಿ ಟ್ರಿಕ್‌ಗೆ ಸಿಗೋದು 30. ಹೊಸಬರು ಆ 30ರ ಹಿಂದೆ ಹೋಗಿ 400 ಕಳ್ಕೊಳ್ಳೋದನ್ನ ತಡೀಬೇಕು.

ತೋಡುಬದಿ (ಸಿದ್ದಾಪುರ)
ವಯಸ್ಸಾದವರು ಕಲಿಯೋಕೆ ಹಿಂಜರೀತಾರೆ, ಅವರಿಗೆ ಏನು ಹೇಳೋದು?

ಇಪ್ಪತ್ತೆಂಟು
2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಸಲ ಸೇರಿದಾಗ ಪುರುಷರ ಜೋಡಿ ವಿಭಾಗದ ಚಿನ್ನ ತಂದವರು ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್. ಅವರ ವಯಸ್ಸು 60, 56. ಅದನ್ನ ಹೇಳಿ.

ಕಕ್ಕಡಮಳೆ (ನಾಪೋಕ್ಲು)
ಎಲ್ಲರಿಗೂ ಧನ್ಯವಾದ. ಎಷ್ಟು ಇದೆ ಎಷ್ಟು ಬೇಕು, ಎಲ್ಲಿಂದ, ಕೈ ತಪ್ಪಿದ್ರೆ ಯಾರಿಗೆ, ಈ ಮೂರನ್ನ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡ್ತೀವಿ. ಕೊನೆಗೆ ಒಂದು ಕೇಳೋದಿದೆ. ನೋಟ್ರಂಪ್ ಆಟ, ಡಮ್ಮಿಯಲ್ಲಿ ಡೈಮಂಡ್ ಎಕ್ಕ ರಾಜ 8 6 4, ಕೈಯಲ್ಲಿ 7 5 2. ಡಮ್ಮಿಗೆ ದಾಟೋಕೆ ಬೇರೆ ಯಾವ ಸೂಟ್‌ನಲ್ಲೂ ದಾರಿ ಇಲ್ಲ. ಹೊಸಬರು ಎಕ್ಕ ರಾಜ ಎಳೆದು ಮೂರನೇದನ್ನ ಕೊಡ್ತಾರೆ, ಉಳಿದೆರಡು ಡಮ್ಮಿಯಲ್ಲೇ ಕೊಳೆಯುತ್ತೆ.

ಎಸ್ಟೇಟ್ ಬಂಗ್ಲೆ
ಮೊದಲ ಸುತ್ತಲ್ಲೇ ಸೋಲಿ. ಕೈಯಿಂದ 2, ಡಮ್ಮಿಯಿಂದ 4. ಮತ್ತೆ ಕೈ ಸಿಕ್ಕಾಗ 5 ಆಡಿ ರಾಜ, ಎಕ್ಕ. ಹೊರಗಿರೋ ಐದು 3-2 ಇದ್ರೆ 8, 6 ಎರಡೂ ನಿಮ್ಮವು. ಕೊಡೋ ಟ್ರಿಕ್ ಒಂದೇ, ಆದ್ರೆ ಮೊದಲೇ ಕೊಟ್ಟಿದ್ದರಿಂದ ಎಕ್ಕ ರಾಜವೇ ದಾಟೋ ದಾರಿ ಆಯ್ತು.

ಗುಲಾಮ ಗೋಣಿಕೊಪ್ಪ
ನಾಲ್ಕು ಟ್ರಿಕ್, 68%. ಬೇರೆ ಸೂಟ್‌ನಲ್ಲಿ ಕೈಯಲ್ಲಿ ರಾಜ 4, ಡಮ್ಮಿಯಲ್ಲಿ ಎಕ್ಕ ರಾಣಿ ಗುಲಾಮ 6 2 ಇದ್ದಾಗ ಚಿಕ್ಕ ಕೈಯ ರಾಜನನ್ನ ಮೊದಲು ಎಳೆಯೋದೂ ಇದೇ ಪಾಠ.

ಕಾಲುಸಂಕ
@ಕಕ್ಕಡಮಳೆ, ಡೈಮಂಡ್‌ನಿಂದ ನಾಲ್ಕು ಬೇಕಾ, ಮೂರು ಸಾಕಾ ಅಂತ ಹೇಳಿಲ್ಲ. ಉತ್ತರ ಅದರ ಮೇಲೆ ನಿಂತಿದೆ. ನಾಲ್ಕು ಬೇಕಾದ್ರೆ ಒಂದು ಸಲ ಸೋತು 3-2 ಇರಲಿ ಅಂತ ಆಡಬೇಕು, 4-1 ಇದ್ರೆ ದಾರಿ ಇಲ್ಲ. ಮೂರು ಸಾಕಾದ್ರೆ, ಉಳಿದ ಸೂಟ್‌ಗಳಲ್ಲಿ ಎರಡು ಸಲ ಕೈ ಕೊಡೋ ಧೈರ್ಯವಿದ್ರೆ, ಎರಡು ಸುತ್ತು ಸೋಲಿ. ಕೈಯಲ್ಲಿ ಉಳಿದ 7ರಿಂದ ಎಕ್ಕಕ್ಕೆ ಹೋಗಿ, ರಾಜ, ಆಮೇಲೆ 8. ಆಗ 4-1 ಇದ್ರೂ ಬರುತ್ತೆ, 68 ಹೋಗಿ 96 ಆಯ್ತು. ಒಂದು ಎಚ್ಚರಿಕೆ ಸಾಕು: ಎರಡನೇ ಸುತ್ತಲ್ಲಿ ಇಬ್ಬರೂ ಡೈಮಂಡ್ ಹಾಕಿದ್ರೆ 3-2 ಅಂತ ಖಚಿತ.

ಕಕ್ಕಡಮಳೆ (ನಾಪೋಕ್ಲು)
ಕಾಂಟ್ರಾಕ್ಟ್ 3 ನೋಟ್ರಂಪ್, ಬೇರೆ ಸೂಟ್‌ಗಳಲ್ಲಿ ಆರು ಗೆಲ್ಲೋ ಎಲೆ ಇತ್ತು.

ಕಾಲುಸಂಕ
ಆರು ಇದ್ರೆ ಮೂರು ಸಾಕು. ಎರಡು ಸುತ್ತು ಬಿಡಿ.